ನೂರು ಎಣಿಸುವುದರೊಳಗೆ

ಹುಣಸೂರಿನ ಕಲ್ಯಾಣ ಮಂಟಪದಲ್ಲಿ ಮೇಸ್ತ್ರಿಯ ಹನ್ನೊಂದನೇ ದಿನದ ಊಟ. ಎಲೆ ಹಾಕಿ, ಉಪ್ಪು ಬಡಿಸಿ, ಪಾಯಸದ ಬಕೆಟ್ ಹಿಡಿದವನು ಮೊದಲ ಸಾಲಿಗೆ ಬರುತ್ತಿದ್ದಂತೆ ಕರೆಂಟು ಹೋಯಿತು. ಕಿಟಕಿಯಿಲ್ಲದ ಊಟದ ಕೋಣೆ, ಹಗಲಲ್ಲೂ ಪಕ್ಕದವರ ಎಲೆ ಕಾಣದಷ್ಟು ಕತ್ತಲೆ. ಬೇರೆ ಊರಿನವರಾಗಿದ್ದರೆ ಮೊಬೈಲ್ ತಡಕಾಡುತ್ತಿದ್ದರು. ಇಲ್ಲಿ ಯಾರೋ ಒಬ್ಬರು ಗಟ್ಟಿಯಾಗಿ "ಒಂದು" ಅಂದರು. ಇನ್ನೊಬ್ಬರು "ಎರಡು" ಅಂದರು. ಬೇಕರಿಯವರು, ಐಸ್‌ಕ್ರೀಮ್ ಅಂಗಡಿಯವರು, ಹಲ್ಲಿನ ಡಾಕ್ಟರು, ಗಿರಣಿಯವರು, ಕೋಳಿಮೊಟ್ಟೆಯಿಂದ ಮರಿ ತೆಗೆಸುವ ನಾನು, ಎಲ್ಲರೂ ಸೇರಿ ಎಣಿಸತೊಡಗಿದೆವು. ನಲವತ್ತೆರಡಕ್ಕೆ ದೀಪ ಬಂತು. ತಿಥಿ ಊಟದಲ್ಲಿ ಜನ ಚಪ್ಪಾಳೆ ತಟ್ಟಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅಷ್ಟು ಹೊತ್ತು ಅಳುತ್ತಿದ್ದವರೂ ತಟ್ಟಿದರು.

ಕರೆಂಟು ಹೋದಾಗ ಅಂಗಡಿ, ಕ್ಲಿನಿಕ್ಕು, ಗಿರಣಿಗಳನ್ನು ನಡೆಸುವ ಜನರೇಟರುಗಳನ್ನು ನೋಡಿಕೊಳ್ಳುವುದು ಮೇಸ್ತ್ರಿಯ ಕಸುಬು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ಕಡೆ ಅವರ ಕೈ ಸೋಕದ ಜನರೇಟರ್ ಕಮ್ಮಿ. ಕುಳ್ಳಗಿನ ಆಳು. ತೋಳು ಮಡಚಿದ ಖಾಕಿ ಅಂಗಿ, ಜೇಬಿನಲ್ಲಿ ಒಂದು ಟೆಸ್ಟರ್, ಒಂದು ಎಲೆಅಡಿಕೆ ಡಬ್ಬಿ. ಬಂದವರು ಮೊದಲು ಡಬ್ಬಿ ತೆಗೆದರೆ ಕೆಲಸ ಸಣ್ಣದು, ಟೆಸ್ಟರ್ ತೆಗೆದರೆ ನಮ್ಮ ಕತೆ ಮುಗಿಯಿತು ಎಂದರ್ಥ. ಇಂಜಿನ್ನಿನ ಮೇಲೆ ಅಂಗೈ ಇಟ್ಟು, ಮಗುವಿನ ಜ್ವರ ನೋಡುವವರ ಹಾಗೆ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತಿದ್ದರು. ಆಗ ಯಾರಾದರೂ ಮಾತಾಡಿದರೆ ಬೈಗುಳ ಖಚಿತ. ಹೆಸರು ಹಿಡಿದು ಅವರನ್ನು ಯಾರೂ ಕರೆಯುತ್ತಿರಲಿಲ್ಲ. ಅದನ್ನು ಇಲ್ಲಿ ಬರೆದರೂ ಅರ್ಧ ಜನಕ್ಕೆ ಯಾರೆಂದು ಗೊತ್ತಾಗುವುದಿಲ್ಲ. ಮೇಸ್ತ್ರಿ ಅಂದರೆ ಎಲ್ಲರಿಗೂ ಗೊತ್ತು.

ಎಣಿಸುವುದನ್ನು ಕಲಿಸಿದ್ದು ಅವರೇ. ಕರೆಂಟು ಹೋದ ಕ್ಷಣದಿಂದ ನೂರು ಎಣಿಸುವುದರೊಳಗೆ ಜನರೇಟರ್ ಓಡಿ, ಲೈನಿನಿಂದ ಜನರೇಟರಿಗೆ ಬದಲಿಸುವ ಚೇಂಜ್‌ಓವರ್ ಹಿಡಿ ತಿರುಗಿ, ಅಂಗಡಿಯ ದೀಪ ಹತ್ತಬೇಕು. ಅದಕ್ಕಾಗಿ ಪ್ರತಿ ಮಂಗಳವಾರ ಹಗಲಲ್ಲಿ, ಹೇಳದೆ ಕೇಳದೆ ಯಾವುದಾದರೂ ಗಿರಾಕಿಯ ಅಂಗಡಿಗೆ ನುಗ್ಗಿ, ಮೇನ್ ಸ್ವಿಚ್ ಇಳಿಸಿ, ಕೈ ಕಟ್ಟಿಕೊಂಡು ಎಣಿಸುತ್ತ ನಿಂತುಬಿಡುತ್ತಿದ್ದರು. ಅಂಗಡಿಯವರು ಓಡಬೇಕು, ಕೀ ಹುಡುಕಬೇಕು, ಬೆವರಬೇಕು. ಹಲ್ಲಿನ ಡಾಕ್ಟರು ಒಬ್ಬ ಹೆಂಗಸಿನ ಬಾಯಿ ತೆರೆಸಿ ಹಲ್ಲು ಕೊರೆಯುತ್ತಿದ್ದಾಗಲೇ ಒಂದು ಮಂಗಳವಾರ ಮಿಷನ್ನು ನಿಂತುಹೋಯಿತು. ಡಾಕ್ಟರು ಹೊರಗೆ ಬಂದು ಕೂಗಾಡಿದರು.

"ರೋಗಿ ಬಾಯಿ ತಗ್ದು ಕೂತವ್ರೆ ಕಣ್ರೀ! ನಿಮಗೇನು ಮನುಷ್ಯತ್ವ ಇಲ್ವಾ?"

"ಅರವತ್ತೊಂದು," ಅಂದರು ಮೇಸ್ತ್ರಿ. "ಬೈಯೋ ಹೊತ್ತಲ್ಲಿ ಕೀ ತಿರುಗ್ಸಿ ಸಾರ್. ಅರವತ್ತೆರಡು."

ಆ ಡಾಕ್ಟರೇ ಮೊನ್ನೆ ತಿಥಿ ಊಟದಲ್ಲಿ ಎಲ್ಲರಿಗಿಂತ ಜೋರಾಗಿ ಎಣಿಸಿದವರು.

ನನಗೆ ಅವರ ಪರಿಚಯವಾದದ್ದು ಕೆಟ್ಟ ಗಳಿಗೆಯಲ್ಲಿ. ಬಿಳಿಕೆರೆ ಹತ್ತಿರದ ನಮ್ಮೂರಿನಲ್ಲಿ, ಮನೆ ಹಿಂದಿನ ಶೆಡ್ಡಿನಲ್ಲಿ, ನಾಟಿಕೋಳಿ ಮರಿ ಮಾಡುವ ಮಿಷನ್ ಹಾಕಿದ್ದೆ. ಒಂದು ಹಳೇ ಜನರೇಟರ್ ಕೂಡ ತಂದಿದ್ದೆ. ಮೊದಲ ಬ್ಯಾಚ್ ಹದಿನೆಂಟನೇ ದಿನಕ್ಕೆ ಬಂದಾಗ ಅರ್ಧ ದಿನ ಕರೆಂಟು ಹೋಯಿತು. ಜನರೇಟರ್ ಎರಡು ಸಲ ಕೆಮ್ಮಿ ಮಲಗಿತು. ಎಲ್ಲ ಮೊಟ್ಟೆಯೂ ಹಾಳು. ಯಾರೋ ಹೇಳಿ ಕಳಿಸಿದ್ದಕ್ಕೆ ಮಾರನೇ ದಿನ ಮೇಸ್ತ್ರಿ ಬಂದರು. ಜನರೇಟರ್ ಕಡೆ ತಿರುಗಿಯೂ ನೋಡದೆ, "ಒಂದು ಮೊಟ್ಟೆ ಒಡೀರಿ ಮೇಡಮ್ಮೋರೆ" ಅಂದರು. ಒಡೆದೆ. ಒಳಗೆ ಪುಕ್ಕ ಬಂದಿದ್ದ, ಕೊಕ್ಕು ಬಂದಿದ್ದ ಮರಿ. ಅವರು ಕುಕ್ಕರುಗಾಲಿನಲ್ಲಿ ಕೂತು ಅದನ್ನೇ ನೋಡಿದರು.

"ಜನರೇಟರ್ ಕೊನೇ ಸಲ ಯಾವಾಗ ಓಡ್ಸಿದ್ದಿರಿ?"

"ದಿನಾ ಬೆಳಿಗ್ಗೆ ಐದು ನಿಮಿಷ ಸ್ಟಾರ್ಟ್ ಮಾಡ್ತಿದ್ದೆ," ಅಂದೆ. ಅದು ನನ್ನ ಹೆಮ್ಮೆ.

"ಲೋಡ್ ಕೊಟ್ಟು?"

"ಲೋಡ್ ಯಾಕೆ? ಕರೆಂಟು ಇತ್ತಲ್ಲ."

ಅವರು ಎದ್ದು ಹೋಗಿ ಸೈಲೆನ್ಸರ್ ಬಿಚ್ಚಿ, ಬೆರಳು ಹಾಕಿ, ಅಂಟಂಟಾದ ಕಪ್ಪು ಮಸಿಯನ್ನು ತೆಗೆದು ನನ್ನ ಅಂಗೈಗೆ ಬಳಿದರು. "ಭಾರ ಇಲ್ದೆ ಓಡ್ಸಿದ್ರೆ ಇದಕ್ಕೆ ಮೈ ಬಿಸಿನೇ ಆಗಾಕಿಲ್ಲ ಕಣವ್ವ. ಉರೀದೆ ಉಳ್ದ ಡೀಸೆಲ್ಲೆಲ್ಲ ಒಳಗೇ ಗಂಟ್ಲು ಕಟ್ಟುತ್ತೆ. ದಿನಾ ಎಬ್ಸಿ, ಕೆಲಸ ಕೊಡ್ದೆ ಮಲಗ್ಸಿದೀಯ. ಕೆಲಸ ಬಂದಾಗ ಹೆಂಗೆ ಎದ್ದಾತು?"

ಮೇಡಮ್ಮೋರೆಯಿಂದ ಕಣವ್ವನಿಗೆ ಇಳಿಯಲು ಅವರಿಗೆ ಹತ್ತು ನಿಮಿಷ ಸಾಕಾಯಿತು. ಒಬ್ಬರ ತಪ್ಪು ಅವರ ಬಾಯಿಂದಲೇ ಹೊರಬಂತೆಂದರೆ ಆ ಮನುಷ್ಯರು ತಮ್ಮವರು ಎಂಬುದು ಮೇಸ್ತ್ರಿಯ ಲೆಕ್ಕ ಎಂದು ಆಮೇಲೆ ತಿಳಿಯಿತು.

ಅವತ್ತೇ ಇನ್ನೊಂದು ಜಗಳವೂ ಆಯಿತು. ಶೆಡ್ಡಿನ ಹೊರಗೋಡೆಗೆ ತೂತು ಕೊರೆದು ಮುಷ್ಟಿಗಾತ್ರದ ಒಂದು ಕೆಂಪು ಸಾಕೆಟ್ ಕೂರಿಸಿದರು. ನನ್ನ ಜನರೇಟರಿಗೆ ಅದು ಬೇಕಿರಲಿಲ್ಲ. ಹೊಸ ಗೋಡೆಗೆ ತೂತು ಯಾಕೆ ಎಂದು ನಾನು ರೇಗಿದೆ. "ನಮ್ಮ ಗಿರಾಕಿಗಳ ಗೋಡೇಲೆಲ್ಲ ಇದೇ ಸಾಕೆಟ್ ಅದೆ. ಮಿಷನ್ನುಗಳಿಗೆಲ್ಲ ಇದೇ ಪ್ಲಗ್ಗು. ಯಾರ ಮಿಷನ್ ಕೆಟ್ರೂ ಇನ್ಯಾರದ್ದೋ ತಂದು ಚುಚ್ಚಬೋದು," ಅಂದರು. ಅವರವರ ಜನರೇಟರನ್ನು ಅವರವರು ಮುಚ್ಚಿಟ್ಟುಕೊಳ್ಳುವ ಊರಿನಲ್ಲಿ ಯಾರು ಯಾರಿಗೆ ಕೊಡುತ್ತಾರೆ ಎಂದು ನಾನು ನಕ್ಕುಬಿಟ್ಟೆ. ಅವರು ಡಬ್ಬಿ ತೆಗೆದು ಎಲೆಗೆ ಸುಣ್ಣ ಹಚ್ಚಿಕೊಂಡರು.

ಈಗ ನನ್ನ ದೊಡ್ಡ ಪೆದ್ದುತನದ ವಿಷಯಕ್ಕೆ ಬರುತ್ತೇನೆ. ಅದನ್ನು ಹೇಳದೆ ಮೇಸ್ತ್ರಿ ಎಂಥವರೆಂದು ಹೇಳಲಾಗುವುದಿಲ್ಲ.

ಆಯುಧಪೂಜೆ ಬಂತೆಂದರೆ ಅವರಿಗೆ ದಿಗಿಲು. ನಮ್ಮ ಕಡೆ ಅವತ್ತು ಸೈಕಲ್ಲಿನಿಂದ ಬಸ್ಸಿನವರೆಗೆ ಎಲ್ಲಕ್ಕೂ ಸ್ನಾನ. ಪೈಪು ಹಿಡಿದು ತೊಳೆಯುವವರು ಜನರೇಟರನ್ನು ಮಾತ್ರ ಬಿಟ್ಟಾರೆಯೇ? ಅದಕ್ಕೆ ಮೇಸ್ತ್ರಿ ಹಿಂದಿನ ದಿನದಿಂದಲೇ ಬೈಕಿನಲ್ಲಿ ಮನೆಮನೆ ಸುತ್ತಿ, ತಾವೇ ಒಣಬಟ್ಟೆಯಲ್ಲಿ ಒರೆಸಿ, ಟ್ಯಾಂಕಿನ ಮೇಲೆ ಮೂರು ಬೆರಳಲ್ಲಿ ವಿಭೂತಿ ಎಳೆದು, ರೇಡಿಯೇಟರಿನಿಂದ ಮೊಳ ದೂರದಲ್ಲಿ ಒಂದೇ ಒಂದು ಸೇವಂತಿಗೆ ಇಟ್ಟು, "ಪೂಜೆ ಆಯ್ತು, ಇನ್ನು ಯಾರೂ ಮುಟ್ಟಂಗಿಲ್ಲ" ಎಂದು ಅಪ್ಪಣೆ ಕೊಡಿಸಿ ಹೋಗುತ್ತಿದ್ದರು.

ಆ ವರ್ಷವೂ ಬೆಳಿಗ್ಗೆ ಏಳಕ್ಕೆ ಬಂದು ಎಲ್ಲ ಮುಗಿಸಿ, ಒಂದು ಹಿಡಿ ಪುರಿ ಕಡಲೆ ಜೇಬಿಗೆ ಹಾಕಿಕೊಂಡು ಹೋದರು. ಅಂಗಳದಲ್ಲಿ ನನ್ನ ಗಂಡನ ವ್ಯಾನು ಥಳಥಳ ಹೊಳೆಯುತ್ತಿತ್ತು. ಪಕ್ಕದವರ ಟ್ರ್ಯಾಕ್ಟರು ಮದುವಣಗಿತ್ತಿಯಂತಿತ್ತು. ನನ್ನ ಜನರೇಟರ್ ಮಾತ್ರ ಎಣ್ಣೆ ಜಿಡ್ಡು ಹಿಡಿದು ನಿಂತಿತ್ತು. "ಅನ್ನ ಕೊಡೋ ಮಿಷನ್ನಿಗೆ ಒಂದು ಚೊಂಬು ನೀರು ತೋರಿಸ್ದೆ ಪೂಜೇನಾ?" ಎಂದರು ಅತ್ತೆ. ಅವರು ಹೇಳಿದ್ದು ಒಂದು ಚೊಂಬು. ನಾನು ಪೈಪು ತಂದೆ. ವ್ಯಾನಿಗೆ ತಂದ ನಿಂಬೆವಾಸನೆಯ ಶಾಂಪೂ ಉಳಿದಿತ್ತು, ಅದನ್ನೂ ಸುರಿದೆ. ಚೆನ್ನಾಗಿ ಉಜ್ಜಿ ತೊಳೆದು, ಮೇಸ್ತ್ರಿಗೆ ಗೊತ್ತಾಗಬಾರದೆಂದು ಅವರ ಹಾಗೆಯೇ ಮೂರು ಬೆರಳಿನ ವಿಭೂತಿ ಮತ್ತೆ ಎಳೆದೆ. ಮೊಳ ಅಳೆದು ಸೇವಂತಿಗೆಯನ್ನೂ ಇಟ್ಟೆ!

ಮರಿ ಮಿಷನ್ನಿನೊಳಗೆ ಅವತ್ತು ಇದ್ದದ್ದು ನನ್ನ ಮೊಟ್ಟೆಗಳಲ್ಲ. ಬೀಚನಹಳ್ಳಿ ಕಡೆಯ ಹಳ್ಳಿಯ ಹೆಂಗಸರದ್ದು. ಕಾವಿಗೆ ಕೂತ ತಮ್ಮ ಕೋಳಿಗಳನ್ನು ಎಬ್ಬಿಸಿ, ಅಡಿಯ ಮೊಟ್ಟೆ ತೆಗೆದು, ಒಂದೊಂದರ ಮೇಲೂ ಪೆನ್ಸಿಲಿನಲ್ಲಿ ತಮ್ಮ ಗುರುತು ಬರೆದು ಕೊಟ್ಟಿದ್ದರು. ಅವರನ್ನೆಲ್ಲ ಒಪ್ಪಿಸಿದ್ದು ಅವರ ಸಂಘದ ಮುಂದಾಳು, ದಪ್ಪ ದನಿಯ ಗಟ್ಟಿಗಿತ್ತಿ. "ನಿನ್ ಮಾತು ನಂಬಿ ಇಪ್ಪತ್ತು ಮನೆ ಕೋಳಿಗಳ ಶಾಪ ಕಟ್ಕೊಂಡಿವ್ನಿ. ಒಂದ್ಸಲ ನೋಡ್ತೀವಿ. ಕೆಟ್ರೆ ಇನ್ನು ನಿನ್ ಬಾಗ್ಲಿಗೆ ಯಾರೂ ಬರಾಕಿಲ್ಲ" ಎಂದಿದ್ದಳು. ಮನೆಯಲ್ಲಿ ಗಂಡನೂ ಹೇಳಿಯಾಗಿತ್ತು, ಈ ಸಲವೂ ಕೈಕೊಟ್ಟರೆ ಶೆಡ್ಡನ್ನು ಸಿಮೆಂಟ್ ಗೋಡೌನಿಗೆ ಬಾಡಿಗೆ ಕೊಡುವುದೆಂದು. ಅವತ್ತು ಇಪ್ಪತ್ತನೇ ದಿನ. ಮರಿಗಳು ಒಳಗಿನಿಂದ ಚಿಪ್ಪು ಕುಟ್ಟಲು ಶುರುಮಾಡಿದ್ದವು. ಮಾರನೇ ದಿನ ವಿಜಯದಶಮಿಗೆ ಹೆಂಗಸರು ಬಂದು ಒಯ್ಯಬೇಕು.

ಮಧ್ಯಾಹ್ನ ಹೋಳಿಗೆ ಊಟಕ್ಕೆ ಕೂತಾಗ ಆಕಾಶ ಕವಿಯಿತು. ಗಾಳಿ ಎಂದರೆ ಅಂಥಾ ಗಾಳಿ. ಬಿಳಿಕೆರೆ ಹತ್ತಿರ ರಸ್ತೆ ಬದಿಯ ದೊಡ್ಡ ಮರವೊಂದು ಲೈನಿನ ಮೇಲೆ ಬಿದ್ದು ಕರೆಂಟು ಹೋಯಿತು. ಗಂಡ ವ್ಯಾನು ತೆಗೆದುಕೊಂಡು ಮೈಸೂರಿಗೆ ದಸರೆ ನೋಡುವ ಜನರನ್ನು ಬಾಡಿಗೆಗೆ ಕರೆದೊಯ್ಯಲು ಹೋಗಿದ್ದ. ನಾನು ಎಂಜಲು ಕೈಯಲ್ಲೇ ಓಡಿದೆ. ಇಪ್ಪತ್ತೈದಕ್ಕೆ ಇಂಜಿನ್ ಓಡಿತು. ಮೂವತ್ತಕ್ಕೆ ಹಿಡಿ ತಿರುಗಿಸಿದೆ. ಮೂವತ್ತೊಂದಕ್ಕೆ ಜನರೇಟರಿನ ಹಿಂಭಾಗದಿಂದ ಚಟಪಟ ಸದ್ದು, ಹೊಗೆ, ಸುಟ್ಟ ವಾಸನೆ. ಎಲ್ಲ ನಿಂತಿತು.

ಮೇಸ್ತ್ರಿಗೆ ಫೋನ್ ಮಾಡಿದೆ.

"ಸುಟ್ಟ ವಾಸ್ನೆ ಬಂತಾ?"

"ಬಂತು."

"ಇನ್ನು ಅದನ್ನ ಮುಟ್ಬೇಡ. ನೀರೇನಾರಾ ತಾಗಿತ್ತಾ?"

"ಮರಿ ಚಿಪ್ಪು ಕುಟ್ತಿವೆ ಮೇಸ್ತ್ರಿ," ಎಂದು ಮಾತು ತಿರುಗಿಸಿದೆ.

"ಸರಿ ಬುಡು. ಮರಿಮಿಷನ್ ಬಾಗ್ಲು ತಗಿ. ತಣ್ಣಗಾಯ್ತವೆ ಅಂತ ಹೆದರ್ಬೇಡ. ಇಷ್ಟು ಬಲ್ತ ಮರಿ ಗಾಳಿ ಇಲ್ದೆ ಸಾಯ್ತವೆ, ಚಳಿಗಲ್ಲ. ಬೀಸ್ತಾ ಇರು. ನಾ ಬತ್ತೀನಿ."

ಅತ್ತೆ ಮೊರ ತಂದರು. ನಾನು ರಟ್ಟು ಹಿಡಿದೆ. ಒಬ್ಬರು ಈ ಕಡೆ, ಒಬ್ಬರು ಆ ಕಡೆ ನಿಂತು ಬೀಸಿದೆವು. ತೋಳು ಬಿದ್ದುಹೋಗುವಂತಾದರೂ ಅತ್ತೆ ಮೊರ ಇಳಿಸಲಿಲ್ಲ. ನೀರು ಹಾಕಿದ್ದು ನಾನು ಎಂದು ಗೊತ್ತಿದ್ದೂ ಒಂದು ಮಾತು ಆಡಲಿಲ್ಲ. ಅದಕ್ಕಿಂತ ಎರಡು ಏಟು ಹಾಕಿದ್ದರೆ ವಾಸಿಯಿತ್ತು. ಚಿಪ್ಪಿನೊಳಗಿನ ಕುಟುಕು ಸದ್ದು ಒಂದು ಸಾರಿ ಕೇಳುತ್ತಿತ್ತು, ಒಂದು ಸಾರಿ ನಿಂತಂತಾಗುತ್ತಿತ್ತು. ನಿಂತಾಗೆಲ್ಲ ನಾನು ಇನ್ನೂ ಜೋರಾಗಿ ಬೀಸುತ್ತಿದ್ದೆ.

ಅತ್ತ ಹುಣಸೂರಿನಲ್ಲಿ ಏನು ನಡೆಯಿತೆಂಬುದನ್ನು ಆಮೇಲೆ ಶಾಮಿಯಾನದ ಅಂಗಡಿಯವನು ಹೇಳಿದ. ಟ್ರೈಲರ್ ಮೇಲೆ ಕೂರಿಸಿದ ಒಂದು ಜನರೇಟರ್ ಅವನದ್ದು. ಪೂಜೆ ಮಾಡಿ, ಎರಡೂ ಕಡೆ ಬಾಳೆಕಂದು ಕಟ್ಟಿ, ಅಂಗಡಿ ಮುಂದೆ ಮೆರೆಯಲು ನಿಲ್ಲಿಸಿದ್ದ. ಮೇಸ್ತ್ರಿ ಹೋಗಿ ಬೇಕು ಎಂದರು. ಅವನು ಒಪ್ಪಲಿಲ್ಲ.

"ಇವತ್ತು ಆಯುಧ ಮುಟ್ಟಂಗಿಲ್ಲ ಕಣಣ್ಣ. ಪೂಜೆಗೆ ಮಡಗಿದ್ದನ್ನ ನಾಳೆವರ್ಗೂ ಕದಲ್ಸಬಾರದು. ನಮ್ಮಪ್ಪನ ಕಾಲದಿಂದ ನಡ್ಕಂಡ್ ಬಂದದೆ."

ನಮ್ಮ ಕಡೆ ಆ ಪದ್ಧತಿ ಇದೆ. ಓಡಾಡುವ ವಾಹನ ಬಿಟ್ಟರೆ, ಕುಡುಗೋಲಿನಿಂದ ಹಿಡಿದು ಪೆನ್ನಿನವರೆಗೆ ಪೂಜೆಗಿಟ್ಟದ್ದು ಅವತ್ತು ವಿಶ್ರಾಂತಿಯಲ್ಲಿರಬೇಕು.

"ಎಷ್ಟೋ ಮನೆ ಹೆಂಗಸ್ರ ಮೊಟ್ಟೆ ಅಲ್ಲಿ ಒಡೀತಾ ಅವೆ ಕಣ್ಲಾ," ಎಂದರಂತೆ ಮೇಸ್ತ್ರಿ. "ನಿನ್ ಮಿಷನ್ನಿಗೆ ನೀನು ಕುಂಕುಮ ಇಟ್ಟೆ. ಇವತ್ತು ಅದು ಹೋಗಿ ನಾಕು ಜೀವ ಉಳಿಸ್ಲಿ. ಅದಕ್ಕಿಂತ ಪೂಜೆ ಏನ್ಲಾ ಮಾಡೀಯ ನೀನು?"

ಶಾಮಿಯಾನದವನು ಟ್ರ್ಯಾಕ್ಟರಿಗೆ ಟ್ರೈಲರ್ ಕಟ್ಟಿದ. ಬಾಳೆಕಂದು ಬಿಚ್ಚಲೂ ಪುರುಸೊತ್ತಿಲ್ಲ.

ಬಿಳಿಕೆರೆ ಹತ್ತಿರ ಬಿದ್ದ ಮರ ರಸ್ತೆಗೆ ಅಡ್ಡ. ಬಸ್ಸು, ಕಾರು ಸಾಲುಗಟ್ಟಿ ನಿಂತಿದ್ದವು. ಅಕ್ಕಪಕ್ಕದ ಹಳ್ಳಿಯ ಗಂಡಸರು ಮಳೆಯಲ್ಲಿ ನೆನೆಯುತ್ತ ನೋಡುತ್ತಿದ್ದರು. ಕೊಡಲಿ, ಮಚ್ಚು ಎಲ್ಲರ ಮನೆಯಲ್ಲೂ ಇದ್ದವು. ಎಲ್ಲವೂ ಹೂವು ಮುಡಿದು ದೇವರ ಮುಂದಿದ್ದವು. ತರಲು ಯಾರಿಗೂ ಧೈರ್ಯವಿಲ್ಲ. ಮೇಸ್ತ್ರಿ ಟ್ರೈಲರಿನಿಂದ ಇಳಿದು, ತಮ್ಮ ಟೂಲ್ ಪೆಟ್ಟಿಗೆಯಿಂದ ಅರಿಶಿನ ಹಚ್ಚಿದ್ದ ಸಣ್ಣ ಕೈಗರಗಸ ತೆಗೆದು, ಯಾರಿಗೂ ಏನೂ ಹೇಳದೆ ತೋಳುದಪ್ಪದ ಒಂದು ಕೊಂಬೆ ಕುಯ್ಯತೊಡಗಿದರು. ಆ ಕುಳ್ಳ ಮನುಷ್ಯ ಆ ಮರದ ಮುಂದೆ ಆ ಗರಗಸ ಹಿಡಿದದ್ದನ್ನು ನೋಡಿ ಜನಕ್ಕೆ ನಗು ಬಂತಂತೆ, ಆಮೇಲೆ ನಾಚಿಕೆಯಾಯಿತಂತೆ. ಒಬ್ಬ ಮನೆಗೆ ಓಡಿದ. ಹಿಂದೆಯೇ ನಾಲ್ವರು ಓಡಿದರು. ಸೇವಂತಿಗೆ ಸುತ್ತಿದ ಕೊಡಲಿಗಳು ಬಂದವು. ಅರ್ಧ ಗಂಟೆಯಲ್ಲಿ ಒಂದು ಟ್ರ್ಯಾಕ್ಟರ್ ನುಸುಳುವಷ್ಟು ದಾರಿಯಾಯಿತು.

ನಮ್ಮ ಅಂಗಳಕ್ಕೆ ಆ ಮೆರವಣಿಗೆ ಬಂದದ್ದು ನನ್ನ ಕಣ್ಣಿನಲ್ಲಿ ಇನ್ನೂ ಇದೆ. ಮುಂದೆ ಟ್ರ್ಯಾಕ್ಟರು, ಹಿಂದೆ ಬಾಳೆಕಂದು ಬಾಗಿಸಿಕೊಂಡ ಜನರೇಟರು, ಅದರ ಪಕ್ಕ ಗೋಣಿಚೀಲ ಹೊದ್ದು ನಿಂತ ಮೇಸ್ತ್ರಿ, ಅವರ ಹಿಂದೆ ಕೊಡಲಿ ಹಿಡಿದ ಏಳೆಂಟು ಜನ. ಮೇಸ್ತ್ರಿ ಇಳಿದವರೇ ಕೇಬಲ್ ಎಳೆದು, ನಾನು ಬೇಡವೆಂದು ಜಗಳವಾಡಿದ್ದ ಆ ಕೆಂಪು ಸಾಕೆಟ್ಟಿಗೆ ಪ್ಲಗ್ ಒತ್ತಿದರು. ಸರಿಯಾಗಿ ಕೂತಿತು. ಇಂಜಿನ್ ಗುಡುಗಿತು, ಮರಿಮಿಷನ್ನಿನ ಫ್ಯಾನು ಮೆಲ್ಲಗೆ ಒಂದು ಸುತ್ತು ಹಾಕಿ ಬಿರುಸಾಯಿತು. ಅತ್ತೆ ಮೊರ ನೆಲಕ್ಕಿಟ್ಟು ಅಲ್ಲೇ ಕೂತುಬಿಟ್ಟರು. ನನಗೆ ಅಳು ತಡೆಯಲಾಗಲಿಲ್ಲ.

ಆಮೇಲೆ ಅವರು ನನ್ನ ಜನರೇಟರಿನ ಹಿಂಭಾಗ ಬಿಚ್ಚಿದರು. ತಾಮ್ರದ ಸುರುಳಿಗಳ ನಡುವೆ ಇನ್ನೂ ಸ್ವಲ್ಪ ನೊರೆ ಇತ್ತು. ಬೆರಳಲ್ಲಿ ತೆಗೆದು ಮೂಸಿದರು. ನಿಂಬೆಹಣ್ಣು. ನನ್ನ ಮುಖ ನೋಡಿದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಬೈಯಲಿಲ್ಲ. ಜೇಬಿನಿಂದ ಬೆಳಗಿನ ಪುರಿ ಕಡಲೆ ತೆಗೆದು ಬಾಯಿಗೆ ಹಾಕಿಕೊಂಡು, ಶಾಮಿಯಾನದವನಿಗೆ ಕೇಳುವಂತೆ, "ಮಳೆ ಇರಚಲು ಹೊಡ್ದದೆ, ವೈಂಡಿಂಗ್ ಮಾಡಿಸ್ಬೇಕು" ಎಂದರು. ಕಾವು ಹೋದೀತೆಂದು ಮರಿಮಿಷನ್ ಬಾಗಿಲನ್ನು ಬೆಳಗಿನವರೆಗೆ ತೆರೆಯಕೂಡದು ಅಂದರು. ಮನೆಗೆ ಹೋಗಲೂ ಇಲ್ಲ. ಬೆಳಗಿನವರೆಗೂ ಜಗಲಿಯಲ್ಲಿ ಕೂತು ಓಡುತ್ತಿದ್ದ ಜನರೇಟರಿನ ಸದ್ದಿಗೆ ಕಿವಿಗೊಟ್ಟು ಕಾದರು.

ವಿಜಯದಶಮಿ ಬೆಳಿಗ್ಗೆ ಬೀಚನಹಳ್ಳಿ ಕಡೆಯ ಗೂಡ್ಸ್ ಆಟೋ ಬಂದು ನಿಂತಿತು. ಹತ್ತು ಹನ್ನೆರಡು ಹೆಂಗಸರು ಬುಟ್ಟಿ ಹಿಡಿದು ಇಳಿದರು. ಜನರೇಟರ್ ಇನ್ನೂ ಓಡುತ್ತಲೇ ಇತ್ತು, ಅದರ ಅಬ್ಬರದಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳದು. ಬಾಳೆಕಂದು ಕಟ್ಟಿದ ಬೇರೆಯವರ ಮಿಷನ್ನು, ಬಿಚ್ಚಿ ಹಾಕಿದ ನನ್ನ ಮಿಷನ್ನು, ಎರಡನ್ನೂ ನೋಡಿ ಮುಂದಾಳುವಿನ ಮುಖ ಕಪ್ಪಿಟ್ಟಿತು.

"ಏನಾಗಿತ್ತು?" ಎಂದು ಕಿರುಚಿದಳು. "ನಮ್ ಮೊಟ್ಟೆ ಏನಾದವು?"

"ಏನಿಲ್ಲ ಕಣವ್ವ, ಮಳೆ ಇರಚಲು!" ಎಂದು ಮೇಸ್ತ್ರಿ ಕಿರುಚಿದರು.

ನನ್ನ ತಪ್ಪನ್ನು ಆ ಮನುಷ್ಯ ಎರಡನೇ ಸಲ ಮಳೆಯ ಮೇಲೆ ಹಾಕಿ ಸುಳ್ಳು ಹೇಳುತ್ತಿದ್ದರು. ಯಾವ ಗಿರಾಕಿಯನ್ನೂ ಬಿಡದೆ ಬೈದವರು, ನನ್ನ ಮಾನ ಹೋಗಬಾರದೆಂದು ಸುಳ್ಳು! ನನಗೆ ತಡೆಯಲಿಲ್ಲ. ಇದ್ದಬದ್ದ ಉಸಿರನ್ನೆಲ್ಲ ಒಗ್ಗೂಡಿಸಿ ಬಾಯಿ ತೆಗೆದೆ. ಅದೇ ಹೊತ್ತಿಗೆ ಗೋಡೆಯ ಬೋರ್ಡಿನಲ್ಲಿ ಲೈನಿಗೆ ಕರೆಂಟು ಬಂತೆಂದು ತೋರಿಸುವ ಸಣ್ಣ ದೀಪ ಹತ್ತಿಕೊಂಡಿತು. ಮೇಸ್ತ್ರಿಯ ಕೈ ತನ್ನಷ್ಟಕ್ಕೆ ಹಿಡಿ ತಿರುಗಿಸಿ ಜನರೇಟರನ್ನು ನಿಲ್ಲಿಸಿತು. ನಿಶ್ಶಬ್ದವಾದ ಅಂಗಳದಲ್ಲಿ ನನ್ನೊಬ್ಬಳ ಕೂಗು ಊರಿಗೆಲ್ಲ ಕೇಳುವಂತೆ ಮೊಳಗಿತು.

"ಇರಚಲಲ್ಲ! ನಾನೇ! ನಾನೇ ಶಾಂಪೂ ಹಾಕಿ ತೊಳ್ದೆ!"

ಮೇಸ್ತ್ರಿ ಹಣೆಗೆ ಕೈ ಹಚ್ಚಿಕೊಂಡರು. ನಾನು ಮುಂದುವರಿಸಲು, ಕ್ಷಮೆ ಕೇಳಲು, ಮತ್ತೆ ಬಾಯಿ ತೆರೆದೆ. ಮುಂದಾಳು ನನ್ನ ಮುಖದ ಮುಂದೆ ಕೈ ಚಾಚಿ ತಡೆದಳು. ಅವಳ ಕಣ್ಣು ಶೆಡ್ಡಿನ ಬಾಗಿಲ ಮೇಲಿತ್ತು. ಒಳಗಿನಿಂದ ಸದ್ದು ಬರುತ್ತಿತ್ತು. ರಾತ್ರಿಯೆಲ್ಲ ಇಂಜಿನ್ನಿನ ಗದ್ದಲದಲ್ಲಿ ನಮಗೆ ಯಾರಿಗೂ ಕೇಳದೇ ಹೋಗಿದ್ದ ಸದ್ದು, ಒಂದಲ್ಲ, ನೂರಲ್ಲ, ತಟ್ಟೆ ತಟ್ಟೆಯಿಂದ, ಶೆಡ್ಡಿನ ತಗಡೇ ಚಿಲಿಪಿಲಿಗುಟ್ಟುವಂತೆ.

"ಬಾಯಿ ಮುಚ್ಚವ್ವ," ಎಂದಳು ಮುಂದಾಳು. "ನಮ್ ಮರಿ ಕೂಗೋದು ಕೇಳ್ಲಿ."